ಹತ್ತು ರೂಪಾಯಿ ಹುಡುಕುವ ಕಣ್ಣಿಗೂ ಕಾರ್ಖಾನೆಯಲ್ಲಿ ಕೆಲಸವಿದೆ



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿದ್ದಾಯಿತು, ಸಾಲದ ಕಂತು ಬಂದಿದ್ದಾಯಿತು, ಪುಸ್ತಕ ಬರೆದಿದ್ದಾಯಿತು. ಕೊನೆಗೆ ಪೆಟ್ಟಿಗೆಯ ಹಣ ಎಣಿಸಿದರೆ ಪುಸ್ತಕದ ಲೆಕ್ಕಕ್ಕಿಂತ ಹತ್ತು ರೂಪಾಯಿ ಹೆಚ್ಚಿತ್ತು. "ಹೆಚ್ಚೇ ತಾನೇ ಇರೋದು, ಕಮ್ಮಿ ಇಲ್ಲವಲ್ಲ, ಬಿಡಿ" ಅಂತ ಎಲ್ಲರೂ ಎದ್ದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಸದಸ್ಯೆ ಮಾತ್ರ ಏಳಲಿಲ್ಲ. "ಹೆಚ್ಚಿದ್ರೂ ಅದು ಯಾರದೋ ಹತ್ತು ರೂಪಾಯಿ ಅಲ್ವಾ ಅಕ್ಕ? ನೋಡೇಬಿಡೋಣ" ಅಂದರು. ಪುಸ್ತಕ ತೆಗೆದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡುತ್ತಾ ಹೋದರು. ಐದೇ ನಿಮಿಷ. ಒಬ್ಬರು ಕಟ್ಟಿದ ಬಡ್ಡಿ 35 ರೂಪಾಯಿ, ಬರೆದದ್ದು 25. ತಪ್ಪು ಸಿಕ್ಕಿತು.

ಸಭೆ ಮುಗಿದ ಮೇಲೆ ಅದೇ ಸದಸ್ಯೆ ನಮ್ಮ ಹತ್ತಿರ ಬಂದರು. "ಮೇಡಂ, ನಮ್ಮೂರಿಂದ ಗಾರ್ಮೆಂಟ್ಸ್‌ಗೆ ಬಸ್ ಹೋಗ್ತದೆ. ನಾನೂ ಹೋಗಬೇಕು ಅಂತಿದ್ದೀನಿ. ನಾನು ಓದಿರೋದು ಎಂಟನೇ ಕ್ಲಾಸು, ಮಿಷನ್ ಹೊಲಿಯಕ್ಕೂ ಬರಲ್ಲ. ಹೆಲ್ಪರ್ ಕೆಲಸ ಸಿಕ್ಕಿದ್ರೂ ಸಾಕು" ಅಂದರು. ಹದಿನೈದು ಜನ ಬಿಟ್ಟುಬಿಟ್ಟ ತಪ್ಪನ್ನು ಒಬ್ಬರೇ ಕೂತು ಹಿಡಿದವರು, ತನಗೆ ಏನೂ ಬರಲ್ಲ ಅಂತ ನಂಬಿದ್ದರು!

ಈ ತಿಂಗಳ ಪಾಠ ಅವರಿಗಾಗಿ ಮತ್ತು ಅವರಂಥ ಎಲ್ಲರಿಗಾಗಿ. ಎಚ್ಚರದ ಕಣ್ಣು, ತಪ್ಪದ ಕೈ, ಲೆಕ್ಕ ಸರಿಹೋಗುವ ತನಕ ಬಿಡದ ಮನಸ್ಸು, ಇವೂ ಒಂದು ವಿದ್ಯೆಯೇ. ಕಾರ್ಖಾನೆಗಳಲ್ಲಿ ಈ ವಿದ್ಯೆಗೆ ಹೆಸರಿದೆ, ಹುದ್ದೆಯಿದೆ. ಆದರೆ ನಾವು ಆ ಹೆಸರು ಹಿಡಿದು ಕೇಳಬೇಕು. ಕೇಳದಿದ್ದರೆ ಹೆಲ್ಪರ್ ಆಗಿ ಸೇರಿದವರು ಹತ್ತು ವರ್ಷವಾದರೂ ಹೆಲ್ಪರ್ ಆಗಿಯೇ ಉಳಿಯುತ್ತಾರೆ.

1. ನಿಖರತೆ ಅಂದರೆ ಏನು?

ನಿಖರತೆ ಅಂದರೆ ಹೇಳಿದ ಅಳತೆಗೆ, ಹೇಳಿದ ಲೆಕ್ಕಕ್ಕೆ, ಹೇಳಿದ ಬಣ್ಣಕ್ಕೆ ಸರಿಯಾಗಿ ಇರುವುದು. ಬೆಳಿಗ್ಗೆ ಹೇಗೋ ಸಂಜೆಯೂ ಹಾಗೆಯೇ ಇರುವುದು. ಮೊದಲನೆಯ ಅಂಗಿ ನೋಡುವಾಗ ಇದ್ದ ಗಮನ ಮುನ್ನೂರನೆಯ ಅಂಗಿ ನೋಡುವಾಗಲೂ ಇರಬೇಕು.

ಇದು ನಮಗೆ ಹೊಸದೇನಲ್ಲ. ಮೊರದಲ್ಲಿ ಅಕ್ಕಿ ಆರಿಸುವಾಗ ನಾವು ಏನು ಮಾಡುತ್ತೇವೆ? ಅಕ್ಕಿಯನ್ನು ತೆಳುವಾಗಿ ಹರಡುತ್ತೇವೆ, ಒಂದು ಅಂಚಿನಿಂದ ಶುರುಮಾಡಿ ಸಾಲಾಗಿ ನೋಡುತ್ತೇವೆ, ಕಲ್ಲು ಕಂಡ ಕೂಡಲೇ ತೆಗೆಯುತ್ತೇವೆ. ಕಣ್ಣು ಅಲ್ಲಿ ಇಲ್ಲಿ ಅಲೆದರೆ ಕಲ್ಲು ಉಳಿದುಬಿಡುತ್ತದೆ, ಊಟದ ಹೊತ್ತಿಗೆ ಹಲ್ಲಿಗೆ ಸಿಗುತ್ತದೆ. ಕಾರ್ಖಾನೆಯಲ್ಲೂ ವಿಧಾನ ಇದೇ. ವ್ಯತ್ಯಾಸ ಇಷ್ಟೇ, ಅಲ್ಲಿ ಯಾವುದು ಕಲ್ಲು, ಯಾವುದು ಅಕ್ಕಿ ಅಂತ ಮೊದಲೇ ಕಾಗದದಲ್ಲಿ ಬರೆದಿಟ್ಟಿರುತ್ತಾರೆ.

2. ಇಂಥವರಿಗೆ ಒಗ್ಗುವ ಕೆಲಸಗಳು

ಅ) ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಮಾತ್ರವಲ್ಲ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರ, ಹಾಸನ, ಶಿವಮೊಗ್ಗ ಕಡೆಗಳಲ್ಲೂ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ಗಾರ್ಮೆಂಟ್ಸ್ ಅಂದ ಕೂಡಲೇ ನಮಗೆ ಹೊಲಿಗೆ ಮಿಷನ್ ಒಂದೇ ನೆನಪಾಗುತ್ತದೆ. ಆದರೆ ಹೊಲಿದ ಬಟ್ಟೆಯನ್ನು ನೋಡಿ ಪಾಸ್ ಮಾಡುವವರು ಬೇರೆಯೇ ಇರುತ್ತಾರೆ. ಅವರೇ ಚೆಕ್ಕರ್‌ಗಳು. ಲೈನಿನ ಮಧ್ಯದಲ್ಲಿ ನೋಡುವವರು, ಲೈನಿನ ಕೊನೆಯಲ್ಲಿ ನೋಡುವವರು, ಇಸ್ತ್ರಿ ಆದ ಮೇಲೆ ನೋಡುವವರು, ಅಳತೆ ಮಾತ್ರ ನೋಡುವವರು ಹೀಗೆ ಬೇರೆ ಬೇರೆ ಜಾಗಗಳಿವೆ.

ಚೆಕ್ಕರ್ ನೋಡುವುದೇನು? ಹೊಲಿಗೆ ಬಿಟ್ಟಿದೆಯೇ, ದಾರ ಹಾರಿದೆಯೇ, ಎರಡು ತೋಳಿನ ಬಣ್ಣ ಒಂದೇ ಇದೆಯೇ, ಎಣ್ಣೆಯ ಕಲೆ ಇದೆಯೇ, ಗುಂಡಿ ಕಾಜದ ನೇರಕ್ಕಿದೆಯೇ, ಲೇಬಲ್ ಸೈಜಿಗೆ ಸರಿಯಾಗಿದೆಯೇ ಇವನ್ನೆಲ್ಲ. ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಬಿದ್ದಿದೆ ಅಂತಲೂ ಎಣಿಸುತ್ತಾರೆ. ಒಳ್ಳೆಯ ಚೆಕ್ಕರ್ ಪ್ರತಿ ಪೀಸನ್ನೂ ಒಂದೇ ಕ್ರಮದಲ್ಲಿ ನೋಡುತ್ತಾರೆ. ಕಾಲರ್‌ನಿಂದ ಶುರು, ಆಮೇಲೆ ಭುಜ, ಒಂದು ತೋಳು, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ, ಇನ್ನೊಂದು ತೋಳು. ಹೊರಗೆ ನೋಡಿದ್ದಾದ ಮೇಲೆ ಒಳಗೆ ತಿರುಗಿಸಿ ಮತ್ತೆ ಅದೇ ಕ್ರಮ. ಮೊರದ ಅಕ್ಕಿಯ ಹಾಗೆಯೇ!

ಒಂದು ತಪ್ಪಿಗೆ ಎಷ್ಟು ಬೆಲೆ ಅಂತ ಕೇಳಬಹುದು. ಕಳುಹಿಸುವ ಮೊದಲು ಕೊನೆಯ ತಪಾಸಣೆ ನಡೆಯುತ್ತದೆ. ಸಾಮಾನ್ಯವಾಗಿ ಬಳಸುವ ಪಟ್ಟಿಯ ಪ್ರಕಾರ 1,000 ಅಂಗಿಗಳ ಲಾಟ್ ಆದರೆ ಅದರಲ್ಲಿ 80 ಅಂಗಿ ತೆಗೆದು ನೋಡುತ್ತಾರೆ. ದೊಡ್ಡ ದೋಷದ ಅಂಗಿ 5ರ ತನಕ ಸಿಕ್ಕರೆ ಲಾಟ್ ಪಾಸ್. 6 ಸಿಕ್ಕಿತೋ, ಇಡೀ ಲಾಟ್ ವಾಪಸ್. ಅಂದರೆ ಒಂದೇ ಒಂದು ಅಂಗಿಯಿಂದ ಸಾವಿರ ಅಂಗಿಯನ್ನೂ ಮತ್ತೆ ಬಿಚ್ಚಿ ನೋಡಬೇಕಾಗುತ್ತದೆ. ಆ ಒಂದು ಅಂಗಿಯನ್ನು ಮೊದಲೇ ಹಿಡಿಯುವವಳು ಚೆಕ್ಕಿಂಗ್ ಟೇಬಲಿನ ಹೆಣ್ಣುಮಗಳು.

ಇನ್ನೊಂದು ಉದಾಹರಣೆ ಮುರಿದ ಸೂಜಿಯದು. ಮಿಷನ್ನಿನ ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ ಜೋಡಿಸಿ, ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೆಯೇ ಹೊಸ ಸೂಜಿ ಕೊಡುವ ಪದ್ಧತಿ ಅನೇಕ ಕಾರ್ಖಾನೆಗಳಲ್ಲಿದೆ. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಬಟ್ಟೆಗಳನ್ನೆಲ್ಲ ಬೇರೆ ಇಟ್ಟು ಪರೀಕ್ಷಿಸುತ್ತಾರೆ. ಯಾಕೆ? ಆ ಬಟ್ಟೆ ಯಾವುದೋ ಮಗುವಿನ ಮೈಮೇಲೆ ಹೋಗುವಂಥದ್ದು.

ಆ) ಗೋಡಂಬಿ ವಿಂಗಡಣೆ

ಮಂಗಳೂರು, ಉಡುಪಿ, ಕುಂದಾಪುರ, ಕಾರ್ಕಳ, ಕುಮಟಾ ಕಡೆಯ ಗೋಡಂಬಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಅಲ್ಲಿ ಸಿಪ್ಪೆ ತೆಗೆದ ಬೀಜವನ್ನು ಗಾತ್ರ, ಬಣ್ಣ, ಇಡಿ, ಹೋಳು, ಚೂರು ಅಂತ ಬೇರೆ ಬೇರೆ ಮಾಡುತ್ತಾರೆ. ಅಂಗಡಿಯಲ್ಲಿ 180, 240, 320 ಅಂತ ನಂಬರು ಹೇಳುವುದನ್ನು ನೀವು ಕೇಳಿರಬಹುದು. ಅದು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಇಡೀ ಬೀಜ ತೂಗುತ್ತವೆ ಅನ್ನುವ ಲೆಕ್ಕ. 180ರ ದರ್ಜೆಯಲ್ಲಿ 170ರಿಂದ 180 ಬೀಜ, 320ರ ದರ್ಜೆಯಲ್ಲಿ 300ರಿಂದ 320 ಬೀಜ. ನಂಬರು ಚಿಕ್ಕದಾದಷ್ಟೂ ಬೀಜ ದೊಡ್ಡದು, ಬೆಲೆಯೂ ಹೆಚ್ಚು.

ಪ್ರತಿ ಬೀಜವನ್ನೂ ತಕ್ಕಡಿಗೆ ಹಾಕಲು ಆಗುತ್ತದೆಯೇ? ಇಲ್ಲ. ಪಳಗಿದ ಕಣ್ಣು ನೋಡಿದ ಕೂಡಲೇ ಹೇಳುತ್ತದೆ. ಈಗ ಬಣ್ಣ ನೋಡಿ ಬೇರೆ ಮಾಡುವ ಯಂತ್ರಗಳು ಬಂದಿವೆ. ಹಾಗಿದ್ದರೂ ಯಂತ್ರದಿಂದ ಬಂದದ್ದನ್ನು ಕೊನೆಗೆ ಕೈಯಿಂದ ನೋಡುವ ಕೆಲಸ ಉಳಿದುಕೊಂಡಿದೆ. ಒಂದು ಮಾತು ನೆನಪಿರಲಿ. ಹೊರಚಿಪ್ಪು ಒಡೆಯುವ ಕೆಲಸದಲ್ಲಿ ಚಿಪ್ಪಿನ ಎಣ್ಣೆ ತಾಗಿ ಕೈ ಸುಡುತ್ತದೆ. ಸೇರುವಾಗಲೇ ಯಾವ ವಿಭಾಗ, ಕೈಗವಸು ಕೊಡುತ್ತಾರೋ ಇಲ್ಲವೋ ಅಂತ ಕೇಳಿಕೊಳ್ಳಿ.

ಇ) ರಾಷ್ಟ್ರಧ್ವಜದ ಕೆಲಸ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಶುರುವಾದ ಸಂಸ್ಥೆ. ಸರ್ಕಾರದ ಮಾನಕ ಸಂಸ್ಥೆಯ ಮುದ್ರೆ ಪಡೆದ ಖಾದಿ ರಾಷ್ಟ್ರಧ್ವಜ ಇಲ್ಲಿಂದ ದೇಶದ ಮೂಲೆಮೂಲೆಗೂ ಹೋಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು.

ಧ್ವಜ ಹೊಲಿಯುವುದರಲ್ಲಿ ಏನಿದೆ, ಮೂರು ಪಟ್ಟಿ ತಾನೇ ಅನ್ನಿಸಬಹುದು. ಅಳತೆ ನೋಡಿ. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಎಲ್ಲದರಲ್ಲೂ ಉದ್ದ ಮತ್ತು ಅಗಲದ ಪ್ರಮಾಣ 3ಕ್ಕೆ 2. ಉದಾಹರಣೆಗೆ 900 ಮಿಲಿಮೀಟರ್ ಉದ್ದ, 600 ಮಿಲಿಮೀಟರ್ ಅಗಲದ ಧ್ವಜ ತೆಗೆದುಕೊಳ್ಳಿ. ಮೂರು ಪಟ್ಟಿಯೂ ಸಮ ಇರಬೇಕು, ಅಂದರೆ ಒಂದೊಂದು 200 ಮಿಲಿಮೀಟರ್. ನಡುವಿನ ಬಿಳಿ ಪಟ್ಟಿಯಲ್ಲಿ 185 ಮಿಲಿಮೀಟರ್ ಅಡ್ಡಳತೆಯ ಚಕ್ರ ಕೂರಬೇಕು. ಮೇಲೆ ಏಳೂವರೆ, ಕೆಳಗೆ ಏಳೂವರೆ ಮಿಲಿಮೀಟರ್ ಮಾತ್ರ ಜಾಗ! ಚಕ್ರದಲ್ಲಿ 24 ಅರೆಗಳು ಇರಬೇಕು, ಎರಡು ಕಡೆಯಿಂದಲೂ ಚಕ್ರ ಕಾಣಬೇಕು. 2021ರ ಡಿಸೆಂಬರ್‌ನಲ್ಲಿ ನಿಯಮ ಬದಲಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಸಿಕ್ಕಿದೆ. ಖಾದಿಯನ್ನೇ ನಂಬಿದವರಿಗೆ ಅದು ಪೈಪೋಟಿ. ಆದರೆ ಬಟ್ಟೆ ಯಾವುದಾದರೂ ಉದ್ದ ಅಗಲದ ಪ್ರಮಾಣ ಬದಲಾಗಿಲ್ಲ.

ಈ) ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಜೋಡಣೆ

ಕೋಲಾರ ಜಿಲ್ಲೆಯ ನರಸಾಪುರ, ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ಕಡೆ ಮೊಬೈಲ್ ಜೋಡಿಸುವ ದೊಡ್ಡ ಕಾರ್ಖಾನೆಗಳು ಬಂದಿವೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಐ.ಟಿ.ಐ. ಓದಿದ ಹುಡುಗಿಯರಿಗೆ ಇಲ್ಲಿ ಕೆಲಸ ಸಿಗುತ್ತಿದೆ. ಸಣ್ಣ ಸ್ಕ್ರೂ ಕೂರಿಸುವುದು, ಭೂತಗನ್ನಡಿಯಲ್ಲಿ ಬೆಸುಗೆ ನೋಡುವುದು, ಗಾಜಿನ ಮೇಲೆ ಗೀರು ಇದೆಯೇ ಅಂತ ಪರೀಕ್ಷಿಸುವುದು ಇಂಥ ಕೆಲಸಗಳು. ಮೈಯಲ್ಲಿರುವ ವಿದ್ಯುತ್ ಕಣ ತಾಗಿದರೂ ಒಳಗಿನ ಭಾಗ ಹಾಳಾಗುವುದರಿಂದ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡೇ ಕೂರಬೇಕು. ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾದ ಕೆಲಸವಿದು.

ಉ) ಔಷಧಿ ಪ್ಯಾಕಿಂಗ್

ಮಾತ್ರೆ, ಸಿರಪ್ ತಯಾರಿಸುವ ಕಡೆ ಪ್ಯಾಕಿಂಗ್ ಅಂದರೆ ಡಬ್ಬಕ್ಕೆ ತುಂಬುವುದಷ್ಟೇ ಅಲ್ಲ. ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಸರಿಯಾಗಿ ಬಿದ್ದಿದೆಯೇ ಅಂತ ನೋಡಬೇಕು. ಒಂದು ಬ್ಯಾಚ್ ಮುಗಿದ ಮೇಲೆ ಟೇಬಲಿನ ಮೇಲೆ, ಕೆಳಗೆ, ಡಬ್ಬದೊಳಗೆ ಹಳೆಯ ಬ್ಯಾಚಿನ ಒಂದು ಮಾತ್ರೆಯೂ ಒಂದು ಲೇಬಲ್ಲೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಹೊಸ ಬ್ಯಾಚ್ ಶುರು.

ಲೇಬಲ್ಲಿನ ಲೆಕ್ಕ ಹೇಗಿರುತ್ತದೆ ನೋಡಿ:

ಕೊಟ್ಟ ಲೇಬಲ್: 5,000
ಅಂಟಿಸಿದ್ದು: 4,960
ಹಾಳಾದದ್ದು: 25
ವಾಪಸ್ ಕೊಟ್ಟದ್ದು: 15
ಒಟ್ಟು: 5,000

ಇದು ನಮ್ಮ ಸಂಘದ ನಗದು ಪುಸ್ತಕವೇ ಅಲ್ಲವೇ? ಬಂದದ್ದು ಎಷ್ಟು, ಹೋದದ್ದು ಎಷ್ಟು, ಕೈಯಲ್ಲಿ ಉಳಿದದ್ದು ಎಷ್ಟು. ಲೇಬಲ್ ಹತ್ತು ಕಮ್ಮಿ ಬಂದರೆ ಎಲ್ಲಿ ಹೋಯಿತು ಅಂತ ಹುಡುಕಬೇಕು. ಹತ್ತು ಹೆಚ್ಚು ಬಂದರೂ ಹುಡುಕಬೇಕು. ಹೆಚ್ಚು ಬಂತು ಅಂದರೆ ಲೇಬಲ್ ಇಲ್ಲದ ಸೀಸೆಗಳು ಎಲ್ಲೋ ಹೋಗಿರಬಹುದು. "ಹೆಚ್ಚೇ ತಾನೇ, ಬಿಡಿ" ಅಂದರೆ ಅಲ್ಲಿ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಹೆಚ್ಚಿದ್ದ ಹತ್ತು ರೂಪಾಯಿಗೆ ನಮ್ಮ ಸದಸ್ಯೆ ಏಳದೆ ಕೂತಿದ್ದನ್ನು ನೆನೆಸಿಕೊಳ್ಳಿ. ಔಷಧಿ ಕಾರ್ಖಾನೆಯವರು ಹುಡುಕುವುದು ಇಂಥವರನ್ನೇ.

3. ನಮಗೆ ಒಗ್ಗುತ್ತದೆಯೇ? ಸಭೆಯಲ್ಲಿ ಮಾಡಿ ನೋಡಿ

ಎಲ್ಲರಿಗೂ ಎಲ್ಲ ಕೆಲಸ ಒಗ್ಗುವುದಿಲ್ಲ. ಒಂದೇ ಕಡೆ ಕೂತು ಅಥವಾ ನಿಂತು ಒಂದೇ ನೋಟ ನೋಡಲು ಕೆಲವರಿಗೆ ಬೇಸರ. ಅಂಥವರಿಗೆ ಹೊಲಿಗೆಯೋ ಅಡುಗೆಯೋ ವ್ಯಾಪಾರವೋ ಚೆನ್ನಾಗಿ ಕೈಹಿಡಿಯಬಹುದು. ಅದು ಕಮ್ಮಿಯೇನಲ್ಲ. ಯಾರಿಗೆ ಯಾವುದು ಅಂತ ತಿಳಿಯಲು ಮುಂದಿನ ಸಭೆಯಲ್ಲಿ ಈ ಮೂರು ಪರೀಕ್ಷೆ ಮಾಡಿ.

ಕಾಳಿನ ಪರೀಕ್ಷೆ: ಇನ್ನೂರು ಅವರೆಕಾಳಿನಲ್ಲಿ ಐದು ಹುಳುಕು ಕಾಳು ಬೆರೆಸಿ ತಟ್ಟೆಯಲ್ಲಿ ಹರಡಿ. ಎರಡು ನಿಮಿಷದಲ್ಲಿ ಐದನ್ನೂ ತೆಗೆಯಬೇಕು. ಒಳ್ಳೆಯ ಕಾಳನ್ನು ಹುಳುಕು ಅಂತ ಎತ್ತಿದರೆ ಅದೂ ತಪ್ಪೇ. ಹತ್ತು ಸಲ ಮಾಡಿಸಿ. ಮೊದಲನೆಯ ಸಲ ಗೆಲ್ಲುವವರಿಗಿಂತ ಹತ್ತನೆಯ ಸಲವೂ ಗೆಲ್ಲುವವರನ್ನು ಗುರುತಿಸಿ.

ಟೇಪಿನ ಪರೀಕ್ಷೆ: ಒಂದು ಅಂಗಿಯನ್ನು ಚಾಪೆಯ ಮೇಲೆ ಸುಕ್ಕಿಲ್ಲದೆ ಹರಡಿ. ಎದೆಯ ಅಗಲ, ತೋಳಿನ ಉದ್ದ, ಕಾಲರ್ ಮೂರನ್ನೂ ಮೂವರು ಬೇರೆ ಬೇರೆಯಾಗಿ ಅಳೆದು ಚೀಟಿಯಲ್ಲಿ ಬರೆಯಲಿ. ಚೀಟಿ ತೆರೆದು ನೋಡಿ. ಇಂಚಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಟೇಪ್ ಎಲ್ಲಿ ಇಟ್ಟಿರಿ, ಬಟ್ಟೆ ಎಳೆದಿರಾ ಅಂತ ಮಾತಾಡಿ, ಮತ್ತೆ ಅಳೆಯಿರಿ. ಕಾಲು, ಅರ್ಧ, ಮುಕ್ಕಾಲು ಇಂಚು ಮತ್ತು ಎಂಟನೇ ಭಾಗದ ಗೆರೆಗಳನ್ನು ಓದಲು ಬಂದರೆ ಚೆಕ್ಕಿಂಗ್ ಕೆಲಸದ ಸಂದರ್ಶನದಲ್ಲಿ ಅರ್ಧ ಗೆದ್ದ ಹಾಗೆ.

ನಂಬರಿನ ಪರೀಕ್ಷೆ: ಕೆಳಗಿನ ಜೋಡಿಗಳಲ್ಲಿ ಯಾವುವು ಒಂದೇ, ಯಾವುವು ಬೇರೆ ಹೇಳಿ. ಉತ್ತರ ಪಾಠದ ಕೊನೆಯಲ್ಲಿದೆ.

(1) 40718263 – 40718263
(2) 90365512 – 90365521
(3) ಬಿ 1108 ಕೆ – ಬಿ 1108 ಕೆ
(4) 66906960 – 66909660

4. ಈ ಕೆಲಸದ ಕಷ್ಟಗಳು

ಬರೀ ಒಳ್ಳೆಯದನ್ನೇ ಹೇಳಿದರೆ ಪಾಠ ಅರ್ಧವಾಗುತ್ತದೆ. ಈ ಕೆಲಸಕ್ಕೂ ಕಷ್ಟಗಳಿವೆ.

ಮೊದಲನೆಯದು ಕಣ್ಣು. ನಲವತ್ತು ದಾಟುವಾಗ ಹತ್ತಿರದ್ದು ಮಸುಕಾಗುತ್ತದೆ. ಇದು ರೋಗವಲ್ಲ, ಚಾಳೀಸು. ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಹೆಂಗಸರು "ಕನ್ನಡಕ ಹಾಕಿದ್ರೆ ಕೆಲಸದಿಂದ ತೆಗೀತಾರೆ" ಅಂತ ಹೆದರಿ ಕಣ್ಣು ಕಿರಿದು ಮಾಡಿಕೊಂಡೇ ದುಡಿಯುತ್ತಾರೆ. ಕಾಣದ ಕಣ್ಣಿನಿಂದ ತಪ್ಪು ಬಿಡುವುದಕ್ಕಿಂತ ಕನ್ನಡಕ ಹಾಕಿ ತಪ್ಪು ಹಿಡಿಯುವುದು ಮೇಲು. ಕೆಲಸದ ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರದ ಗೋಡೆಯನ್ನೋ ಕಿಟಕಿಯನ್ನೋ ಸ್ವಲ್ಪ ಹೊತ್ತು ನೋಡಿ. ಕಣ್ಣಿಗೆ ಅದೇ ವಿಶ್ರಾಂತಿ.

ಎರಡನೆಯದು ಕುತ್ತಿಗೆ, ಸೊಂಟ ಮತ್ತು ನೀರು. ಶೌಚಕ್ಕೆ ಎದ್ದು ಹೋದರೆ ಬೈಯುತ್ತಾರೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದವರಿದ್ದಾರೆ. ಇದರಿಂದ ಉರಿಮೂತ್ರ, ಸೋಂಕು ಬರುತ್ತದೆ. ನೀರು ಕುಡಿಯುವುದು, ಶೌಚಕ್ಕೆ ಹೋಗುವುದು ಯಾರೋ ಕೊಡುವ ದಾನವಲ್ಲ.

ಮೂರನೆಯದೇ ದೊಡ್ಡದು. ಅದು ಒತ್ತಡ. ಗಂಟೆಗೆ ಇಷ್ಟು ಪೀಸ್ ನೋಡಬೇಕು ಅಂತ ಟಾರ್ಗೆಟ್ ಇರುತ್ತದೆ. ಮಾಲು ಕಳುಹಿಸುವ ದಿನ ಹತ್ತಿರ ಬಂದರಂತೂ "ಪಾಸ್ ಮಾಡಮ್ಮ, ಪಾಸ್ ಮಾಡು" ಅನ್ನುವ ಕೂಗು. ನಮಗೆ ಪರಿಚಯದ ಒಬ್ಬ ಸಹೋದರಿಯ ಕಥೆ ಕೇಳಿ. ಕಾರ್ಖಾನೆಯ ಹೆಸರು ಬೇಡ. ಒಂದು ಸಂಜೆ ಮೇಲಿನವರು ತಪಾಸಣೆಯ ಹಾಳೆ ತಂದು "ಸೈನ್ ಮಾಡಿ ಹೋಗು, ನಂಬರು ನಾವು ತುಂಬ್ಕೋತೀವಿ" ಅಂದರು. ಬಸ್ಸಿನ ಹೊತ್ತು. ಮನೆಯಲ್ಲಿ ಮಗುವಿಗೆ ಜ್ವರ. ಅವರು ಖಾಲಿ ಹಾಳೆಗೆ ಸಹಿ ಹಾಕಿ ಬಸ್ ಹತ್ತಿದರು. ಕೆಲವು ದಿನಗಳ ಮೇಲೆ ಲಾಟ್ ವಾಪಸ್ ಬಂತು. ಹಾಳೆಯಲ್ಲಿ ಅವರ ಸಹಿ, ಅವರು ನೋಡದ ಅಂಗಿಗಳು. ಅವರನ್ನು ಚೆಕ್ಕಿಂಗ್‌ನಿಂದ ತೆಗೆದು ಮತ್ತೆ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ಸಹಿ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ.

"ನಾನು ತಪ್ಪು ಮಾಡಿಲ್ಲ ಅಂತ ಹೇಳಕ್ಕೆ ನನ್ನ ಹತ್ತಿರ ಒಂದು ಚೀಟಿನೂ ಇರಲಿಲ್ಲ" ಅಂತ ಅವರು ನಮ್ಮ ಮುಂದೆ ಅತ್ತರು. ನಾವೇನು ಹೇಳುವುದು? ಬ್ಯಾಂಕಿನಿಂದ ಹಣ ತೆಗೆಯುವ ಖಾಲಿ ಚೀಟಿಗೆ ಸಹಿ ಹಾಕಬಾರದು ಅಂತ ಸಂಘದಲ್ಲಿ ಎಷ್ಟು ಸಲ ಕಲಿತಿದ್ದೇವೆ! ಕಾರ್ಖಾನೆಯ ಖಾಲಿ ಹಾಳೆಯೂ ಅದೇ.

ಆದ್ದರಿಂದ ಈ ನಾಲ್ಕು ಮಾತು ಗಟ್ಟಿಯಾಗಿ ಹಿಡಿಯಿರಿ:

- ನೋಡಿದ್ದಕ್ಕೆ ಮಾತ್ರ ಸಹಿ. ಖಾಲಿ ಹಾಳೆಗೆ, ಬೇರೆಯವರು ನೋಡಿದ್ದಕ್ಕೆ ಸಹಿ ಬೇಡ.
- ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ದೋಷ ಎಂಟಿದ್ದರೆ ಎಂಟು.
- ದೋಷವಿರುವ ಪೀಸನ್ನು ಗುರುತು ಹಾಕಿ ಬೇರೆ ಇಡಿ. "ಹೋಗಲಿ ಬಿಡು" ಅಂದರೆ "ಸಾರ್, ಪಾಸ್ ಅಂತ ನೀವೇ ಬರೆದು ಸಹಿ ಮಾಡಿ" ಅಂತ ಮೆತ್ತಗೆ ಹೇಳಿ.
- ಒಬ್ಬರೇ ಹೇಳಲು ಹೆದರಿಕೆಯಾದರೆ ಟೇಬಲಿನ ಇಬ್ಬರು ಮೂವರು ಸೇರಿ ಹೇಳಿ.

ಇನ್ನೊಂದು ವಿಷಯ. ಹೊಲಿದವಳೂ ನಮ್ಮಂಥವಳೇ. ತಪ್ಪು ತೋರಿಸುವಾಗ ಅವಳ ಮುಖ ನೋಡಿ, ಎಲ್ಲಿ ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸಿ. ಎಲ್ಲರೆದುರು ಪೀಸ್ ಎಸೆಯುವ ಚೆಕ್ಕರ್ ಆಗುವುದು ಬೇಡ.

5. ಸೇರುವ ಮೊದಲು ಕೇಳಬೇಕಾದದ್ದು

ಕೆಲಸದ ಹೆಸರು: "ಏನಾದ್ರೂ ಕೊಡಿ" ಅನ್ನಬೇಡಿ. "ಚೆಕ್ಕಿಂಗ್ ಕೆಲಸಕ್ಕೆ ಬಂದಿದ್ದೇನೆ, ಟೇಪ್ ಓದಲು ಬರುತ್ತದೆ, ಸಂಘದ ಪುಸ್ತಕ ನೋಡಿಕೊಂಡಿದ್ದೇನೆ, ಬೇಕಾದರೆ ಪರೀಕ್ಷೆ ಮಾಡಿ" ಅನ್ನಿ. ಮೊದಲು ಹೆಲ್ಪರ್ ಆಗಿಯೇ ಸೇರಬೇಕು ಅಂದರೆ ಎಷ್ಟು ತಿಂಗಳ ಮೇಲೆ ಚೆಕ್ಕಿಂಗ್ ಕೊಡುತ್ತೀರಿ ಅಂತ ಕೇಳಿ.

ನೇಮಕ ಪತ್ರ: 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಪ್ರತಿ ಕಾರ್ಮಿಕರಿಗೂ ನೇಮಕ ಪತ್ರ ಕೊಡಬೇಕು. ಅದರಲ್ಲಿ ನಿಮ್ಮ ಹುದ್ದೆ ಏನು ಅಂತ ಬರೆದಿದ್ದಾರೆ ಓದಿ ನೋಡಿ. ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ ಅಂತ ದರ್ಜೆಗಳಿರುತ್ತವೆ. ಮಾಡುವುದು ಚೆಕ್ಕಿಂಗ್, ಕಾಗದದಲ್ಲಿ ಹೆಲ್ಪರ್ ಅಂತ ಇದ್ದರೆ ಸಂಬಳದಲ್ಲಿ ನಷ್ಟ ನಮಗೇ. ನಮ್ಮ ರಾಜ್ಯದಲ್ಲಿ ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಆ ತಿಂಗಳ ಸಂಬಳದ ಚೀಟಿಯನ್ನು ಹಿಂದಿನದರ ಜೊತೆ ಇಟ್ಟು ನೋಡಿ. ನಿಖರತೆ ನಮ್ಮ ಸಂಬಳದ ಚೀಟಿಗೂ ಬೇಕಲ್ಲವೇ!

ಹೊತ್ತು: ವಾರಕ್ಕೆ 48 ಗಂಟೆ ಮಿತಿ. ಅದಕ್ಕಿಂತ ಹೆಚ್ಚು ದುಡಿಸಿದರೆ ಓ.ಟಿ.ಗೆ ಎರಡರಷ್ಟು ಕೂಲಿ. ರಾತ್ರಿ ಪಾಳಿಗೆ ಹೆಂಗಸರ ಒಪ್ಪಿಗೆ ಬೇಕು, ಹೋಗಿ ಬರುವ ಭದ್ರತೆಯೂ ಬೇಕು. ಒಂದೇ ರೀತಿಯ ಕೆಲಸಕ್ಕೆ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಸಂಬಳ ಕೊಡುವಂತಿಲ್ಲ.

ಪಿ.ಎಫ್. ಮತ್ತು ಇ.ಎಸ್.ಐ.: ನಿಮ್ಮ ಪಿ.ಎಫ್. ನಂಬರು, ಇ.ಎಸ್.ಐ. ನಂಬರು ಎರಡನ್ನೂ ಬರೆದಿಟ್ಟುಕೊಳ್ಳಿ. ಇ.ಎಸ್.ಐ.ಗೆ ಕಾರ್ಮಿಕರ ಪಾಲು 2019ರ ಜುಲೈನಿಂದ ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25. ಕಾರ್ಡ್ ಇದ್ದರೆ ನಿಮಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಪಿ.ಎಫ್.ನ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದ ಹಾಗೆಯೇ ಇರಲಿ. ಒಂದು ಅಕ್ಷರ ತಪ್ಪಿದ್ದಕ್ಕೆ ಹಣ ತೆಗೆಯಲಾಗದೆ ಅಲೆಯುವವರಿದ್ದಾರೆ.

ಮಾನ: ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಒಳಸಮಿತಿ ಇರಲೇಬೇಕು ಅಂತ 2013ರ ಕಾನೂನು ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲ ವಾರವೇ ತಿಳಿದುಕೊಳ್ಳಿ.

ಅನುಭವ ಪತ್ರ: 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಕೂದಲೆಳೆಯಂಥ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸುವ ಕೆಲಸದಲ್ಲಿ ಅಲ್ಲಿ ಎಷ್ಟೋ ಹೆಂಗಸರು ಪಳಗಿದರು. 2016ರಲ್ಲಿ ಸರ್ಕಾರ ಆ ಗಡಿಯಾರದ ಘಟಕಗಳನ್ನು ಮುಚ್ಚಲು ತೀರ್ಮಾನಿಸಿತು. ಅಷ್ಟು ಹೆಸರಿದ್ದ ಕಾರ್ಖಾನೆಯೂ ಮುಚ್ಚಬಹುದು ಅಂದ ಮೇಲೆ ನಾವು ಕಲಿತದ್ದಕ್ಕೆ ನಮ್ಮ ಕೈಯಲ್ಲಿ ಕಾಗದ ಇರಬೇಕು. ಕೆಲಸ ಬಿಡುವಾಗ ಹುದ್ದೆಯ ಹೆಸರು, ಎಷ್ಟು ವರ್ಷ ಅಂತ ಬರೆದ ಅನುಭವ ಪತ್ರ ತೆಗೆದುಕೊಳ್ಳದೆ ಬರಬೇಡಿ.

6. ಕೊನೆಯ ಮಾತು

ಹತ್ತು ರೂಪಾಯಿ ಹುಡುಕಿದ ನಮ್ಮ ಸದಸ್ಯೆ ಏನಾದರು ಅಂತ ಕೇಳುತ್ತೀರಿ. ಸಂಘದ ಒಬ್ಬ ಟೈಲರ್ ಸದಸ್ಯೆ ಅವರಿಗೆ ಎರಡು ವಾರ ಸಂಜೆ ಟೇಪ್ ಓದುವುದನ್ನು ಕಲಿಸಿದರು. ಮನೆಯಲ್ಲಿದ್ದ ಅಂಗಿ, ಲಂಗ, ಮಗನ ಯೂನಿಫಾರಂ ಎಲ್ಲವನ್ನೂ ಅಳೆದು ಬರೆದರು. ಚಾಳೀಸಿನ ಕನ್ನಡಕವನ್ನೂ ತೆಗೆದುಕೊಂಡರು. ಕಾರ್ಖಾನೆಯ ಗೇಟಿನಲ್ಲಿ "ಹೆಲ್ಪರಾ?" ಅಂತ ಕೇಳಿದಾಗ "ಇಲ್ಲ ಸಾರ್, ಚೆಕ್ಕಿಂಗ್" ಅಂದರಂತೆ. ಮೂರು ತಿಂಗಳು ಟ್ರಿಮ್ಮಿಂಗ್‌ನಲ್ಲೇ ಹಾಕಿದರು. ಅವರು ತಿಂಗಳಿಗೊಮ್ಮೆ ಹೋಗಿ ಕೇಳುತ್ತಲೇ ಇದ್ದರು. ನಾಲ್ಕನೆಯ ತಿಂಗಳು ಟೇಬಲ್ ಕೊಟ್ಟರು. "ಮೇಡಂ, ಮೊದಲನೇ ದಿನ ಕೈ ನಡುಗ್ತು. ಆಮೇಲೆ ಸಂಘದ ಪುಸ್ತಕ ಅಂದ್ಕೊಂಡು ನೋಡ್ದೆ" ಅಂತ ಹೇಳಿದರು.

ನಿಮ್ಮ ಸಂಘದಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಎಲ್ಲರೂ ಎದ್ದ ಮೇಲೂ ಪುಸ್ತಕದ ಮುಂದೆ ಕೂತಿರುವವರು. ಅವರನ್ನು ಗುರುತಿಸಿ ಹೇಳಿ, "ನಿಂಗೆ ಬರ್ತದೆ ಅಕ್ಕ" ಅಂತ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಲೆಕ್ಕದ ತಪ್ಪನ್ನು ಮೊದಲು ಹಿಡಿಯುವವರು ಯಾರು? ಅವರಿಗೆ ನಾವು ಇದುವರೆಗೆ ಏನು ಹೇಳಿದ್ದೇವೆ?
2. ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಯಾವ ಯಾವ ಕಾರ್ಖಾನೆಗಳಿವೆ? ಅಲ್ಲಿ ಪರೀಕ್ಷಿಸುವ, ವಿಂಗಡಿಸುವ ಕೆಲಸ ಯಾವುದು?
3. ಈಗಾಗಲೇ ಕಾರ್ಖಾನೆಗೆ ಹೋಗುವ ಸದಸ್ಯೆಯರು ತಮ್ಮ ನೇಮಕ ಪತ್ರ ತಂದು ಓದಲಿ. ಮಾಡುವ ಕೆಲಸ ಮತ್ತು ಬರೆದ ಹುದ್ದೆ ಒಂದೇ ಇದೆಯೇ?
4. ಖಾಲಿ ಹಾಳೆಗೆ ಸಹಿ ಹಾಕು ಅಂದರೆ ಹೇಗೆ ಉತ್ತರ ಕೊಡುವುದು? ಇಬ್ಬರು ಎದ್ದು ನಿಂತು ನಟಿಸಿ ತೋರಿಸಿ.

ನಂಬರಿನ ಪರೀಕ್ಷೆಯ ಉತ್ತರ: (1) ಮತ್ತು (3) ಒಂದೇ. (2) ಮತ್ತು (4) ಬೇರೆ.